ಎಂಟು ಜಾಗ, ಹತ್ತು ತಂತಿ

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಬಹುದು, ಒಂದು ಹಾಳೆ ಕಳೆಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಬೈಲಹೊಂಗಲದಲ್ಲಿ ಒಂದು ಟ್ರಸ್ಟಿನವರ ದೊಡ್ಡ ಆಸ್ಪತ್ರೆ ಇತ್ತು. ಅದರದೇ ಸಣ್ಣ ಆಸ್ಪತ್ರೆಗಳು ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿದ್ದವು. ನೇಸರಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನಾನು ದೊಡ್ಡ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ. ರೋಗಿಗಳ ಕೇಸ್ ಪೇಪರುಗಳನ್ನು ದಾರದಿಂದ ಕಟ್ಟುವುದು, ಕಪಾಟಿನಲ್ಲಿ ಜೋಡಿಸುವುದು, ಡಾಕ್ಟರು ಕೇಳಿದಾಗ ತೆಗೆದುಕೊಡುವುದು ನನ್ನ ಕೆಲಸ.

ಹೊಲದ ಬದುವಿನ ಜಗಳದಲ್ಲಿ ತಲೆಗೆ ಪೆಟ್ಟು ತಿಂದ ಒಬ್ಬ ಮನುಷ್ಯನ ಕೇಸ್ ಪೇಪರು ಕೋರ್ಟಿಗೆ ಹೋಗಬೇಕಾಗಿತ್ತು. ತಿರುವಿ ನೋಡಿದರೆ ಗಾಯದ ಅಳತೆ ಬರೆದ ಹಾಳೆಯೇ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಹೊಸಬಳು, ಕೋಣೆಯ ಕೀಲಿ ನನ್ನ ಹತ್ತಿರ. ನಾನು ದಾರವನ್ನು ನೋಡಿದೆ. ನಾನು ಹಾಕುವುದು ಸಾದಾ ಗಂಟು, ಎಳೆದರೆ ಬಿಚ್ಚುತ್ತದೆ. ಅಲ್ಲಿದ್ದದ್ದು ಬ್ಯಾಂಡೇಜಿಗೆ ಹಾಕುವ ಚಪ್ಪಟೆ ಗಂಟು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಯಲ್ಲಪ್ಪನನ್ನು ಕರೆಸಿ ಅದನ್ನೇ ತೋರಿಸಿದೆ. ಅವನು ಮನೆಗೆ ಹೋಗಿ ಹಾಳೆ ತಂದುಕೊಟ್ಟ. ಎದುರು ಪಕ್ಷದವರು ಅವನ ಸೋದರಮಾವನ ಕಡೆಯವರಂತೆ.

ಆವತ್ತಿನಿಂದ ಆಸ್ಪತ್ರೆಯಲ್ಲಿ ನನಗೊಂದು ಹೆಸರು ಬಂತು. ಆಡಳಿತಾಧಿಕಾರಿ ಪಾಟೀಲ ಸಾಹೇಬರು ನಾಲ್ಕು ಜನರೆದುರಿಗೆ ಹೇಳಿದರು: "ಈ ಅಕ್ಕಾರ ಕಣ್ಣು ಬಾಳ ಚೂಪು ಅದಾವ. ಇವರ ಮುಂದ ಯಾರ ಆಟಾನೂ ನಡೆಯೂದಿಲ್ಲ."

ಈ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನನ್ನ ಮೊದಲ ಸಂಶಯ ಸರಿಯಾಯಿತು. ಅದೊಂದು ತಪ್ಪಾಗಿದ್ದರೆ ಮುಂದಿನ ಇಪ್ಪತ್ತು ವರ್ಷ ನಾನು ಬೇರೆ ರೀತಿಯ ಹೆಂಗಸಾಗಿರುತ್ತಿದ್ದೆನೋ ಏನೋ.

ಕೆಲ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ದಾಖಲೆ ಕೋಣೆಯ ಒಂದು ಮೂಲೆಯನ್ನು ತೆರವು ಮಾಡಿ, ಪರದೆ ಕಟ್ಟಿ, ಚಪ್ಪಲಿ ಹೊರಗೆ ಬಿಡಿಸಿ ಅದನ್ನು ಕೂರಿಸಿದರು. ನನ್ನನ್ನು ಬೆಳಗಾವಿಗೆ ಕಳಿಸಿ ಕಲಿಸಿದರು. ಸಣ್ಣ ಆಸ್ಪತ್ರೆಗಳಲ್ಲೂ ಒಂದೊಂದು ಕಂಪ್ಯೂಟರ್ ಇಟ್ಟ ಮೇಲೆ, ಅಲ್ಲಿಯ ರೋಗಿಗಳ ವಿವರ ವಾರಕ್ಕೊಮ್ಮೆ ಫ್ಲಾಪಿಯಲ್ಲಿ ಬಸ್ಸಿನ ಮೇಲೆ ಬರುತ್ತಿತ್ತು. ಸವದತ್ತಿಯ ಫ್ಲಾಪಿ ಯರಗಟ್ಟಿ, ಮುರಗೋಡ ದಾಟಿ ಬೈಲಹೊಂಗಲ ಮುಟ್ಟುವ ಹೊತ್ತಿಗೆ ಎರಡು ವಾರಕ್ಕೊಮ್ಮೆ ಖಾಲಿಯಾಗಿರುತ್ತಿತ್ತು. ಓದಿದರೆ ಒಂದಕ್ಷರ ಇಲ್ಲ.

ಸವದತ್ತಿಯ ಕಂಪೌಂಡರ್ ಬೇಕೆಂದೇ ಖಾಲಿ ಫ್ಲಾಪಿ ಕಳಿಸಿ ನನ್ನ ಹೆಸರು ಕೆಡಿಸುತ್ತಿದ್ದಾನೆ ಎಂದು ನಾನು ಖಚಿತ ಮಾಡಿಕೊಂಡೆ. ಪಾಟೀಲ ಸಾಹೇಬರಿಗೂ ಹೇಳಿದೆ. ಆ ಮನುಷ್ಯ ಒಂದು ದಿನ ರಜೆ ಹಾಕಿ, ಫ್ಲಾಪಿಯ ಜೊತೆಗೆ ತಾನೂ ಬಸ್ಸಿನಲ್ಲಿ ಕುಳಿತು ಬಂದ. ಬಂದವನು ನನಗೆ ಒಂದೇ ಮಾತು ಹೇಳಿದ: "ಅಕ್ಕಾರ, ಫ್ಲಾಪಿ ಡಬ್ಬಿ ಡ್ರೈವರ್ ಮಗ್ಗಲದಾಗ ಇಡ್ರಿ ಅಂತ ನೀವಽ ಹೇಳೀರಲ್ಲ, ಅಲ್ಲಿ ಹಾಡಿನ ಸ್ಪೀಕರ್ ಐತ್ರಿ. ಸ್ಪೀಕರಿನ್ಯಾಗ ಅಯಸ್ಕಾಂತ ಇರತೈತಿ, ಅದು ಫ್ಲಾಪಿಯಾಗಿಂದು ಅಳಸತೈತಿ." ಪ್ರಯಾಣಿಕರ ಚೀಲಗಳ ಮೇಲೆ ನಂಬಿಕೆ ಇಲ್ಲದೆ ಡ್ರೈವರ್ ಪಕ್ಕದ ಜಾಗ ಗೊತ್ತುಮಾಡಿದವಳು ನಾನೇ.

ನಾಚಿಕೆಯಾಯಿತು. ಆದರೆ ನಾಚಿಕೆ ಒಂದು ವಾರ ಇದ್ದು ಹೋಯಿತು, ಸ್ವಭಾವ ಹೋಗಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಮ್ಮ ಆಸ್ಪತ್ರೆಗಳಲ್ಲಿ ಕಾಗದದ ಕೇಸ್ ಪೇಪರು ಬರೆಯುವುದನ್ನೇ ನಿಲ್ಲಿಸಿದರು. ನಾಲ್ಕೂ ಊರಿನ ಡಾಕ್ಟರುಗಳು ಪರದೆಯ ಮೇಲೇ ನೋಡುವುದು, ಅಲ್ಲೇ ಬರೆಯುವುದು. ಎಲ್ಲ ಮಾಹಿತಿಯೂ ಬೈಲಹೊಂಗಲದ ಯಂತ್ರ ಕೋಣೆಯಲ್ಲಿ. ಆ ಕೋಣೆಯ ಜವಾಬ್ದಾರಿ ನನ್ನದು, ನನ್ನ ಜೊತೆಗೆ ಆಪರೇಟರ್ ಶಿವಲಿಂಗಯ್ಯನವರು.

ಶಿವಲಿಂಗಯ್ಯನವರು ಮುರಗೋಡದವರು. ನನಗಿಂತ ಎರಡು ವರ್ಷ ಚಿಕ್ಕವರು. ಎತ್ತರದ ಆಳು, ಮಾತು ಕಡಿಮೆ. ಕರೆಂಟು ಹೋಗಿ ಬಂದಾಗಲೆಲ್ಲ ಒಂದೊಂದೇ ಯಂತ್ರದ ಮೇಲೆ ಅಂಗೈ ಇಟ್ಟು, ದನದ ಮೈ ಮುಟ್ಟಿ ನೋಡಿದ ಹಾಗೆ ನೋಡುತ್ತಿದ್ದರು. ಅವರಿಗೆ ಆಡಳಿತದವರ ಮೇಲೆ ಒಂದು ಹಳೆಯ ಸಿಟ್ಟಿತ್ತು. ಯಂತ್ರ ಕೋಣೆಯ ಬ್ಯಾಟರಿಗಳು ಸೋತಿವೆ, ಬದಲಿಸಿ ಎಂದು ಮೂರು ಸಲ ಅರ್ಜಿ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಸ್ಪತ್ರೆಯ ಜನರೇಟರ್ ಆಪರೇಷನ್ ಕೋಣೆಗೆ ಮೀಸಲು. ಹಾಗಾಗಿ ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ಅರ್ಧ ಗಂಟೆ ದಾಟಿದರೆ ನಮ್ಮ ಯಂತ್ರಗಳು ಮಲಗುತ್ತಿದ್ದವು, ಕರೆಂಟು ಬಂದ ಮೇಲೆ ತಾವೇ ಏಳುತ್ತಿದ್ದವು.

ಆ ಕೋಣೆಯ ರಚನೆಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮೊದಲು ಮೂರು ಸರ್ವರುಗಳಿದ್ದವು. ಒಂದೊಂದು ಸರ್ವರಿನ ಒಳಗೆ ನಾಲ್ಕೈದು ಬೇರೆ ಬೇರೆ ಕಂಪ್ಯೂಟರುಗಳು ಇದ್ದಂತೆ ನಡೆಯುತ್ತಿತ್ತು. ಕೈಯಿಂದ ಮುಟ್ಟಲಾಗದ ಆ ಕಂಪ್ಯೂಟರುಗಳಿಗೆ ವರ್ಚುವಲ್ ಯಂತ್ರ ಎನ್ನುತ್ತಾರೆ. ಸವದತ್ತಿಯ ದಾಖಲೆಗೆ ಒಂದು, ಕಿತ್ತೂರಿನ ಲ್ಯಾಬಿಗೆ ಒಂದು, ಎಕ್ಸ್‌ರೇ ಚಿತ್ರಗಳಿಗೆ ಒಂದು, ಹೀಗೆ. ಆದರೆ ಈ ಎಲ್ಲವುಗಳ ಮಾಹಿತಿ ಇರುತ್ತಿದ್ದದ್ದು ಸರ್ವರುಗಳಲ್ಲಲ್ಲ, ಕೆಳಗಿನ ಖಾನೆಯಲ್ಲಿದ್ದ ಒಂದೇ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ. ಪ್ರತಿ ಸರ್ವರಿನಿಂದ ಅದರ ಕಡೆಗೆ ಎರಡೆರಡು ತಂತಿ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಪೆಟ್ಟಿಗೆಯ ಜೊತೆ ಸಂಪರ್ಕ ಸಿಕ್ಕರೆ ಸರ್ವರ್ ಕೆಲಸ ಮಾಡುತ್ತದೆ, ಸಿಗದಿದ್ದರೆ ಅದರೊಳಗಿನ ಯಂತ್ರಗಳೆಲ್ಲ ಸತ್ತ ಹಾಗೆ. ಒಂದು ಸರ್ವರ್ ಬಿದ್ದರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳುವ ಸೌಲಭ್ಯವೂ ಇರುತ್ತದೆ, ನಮಗೆ ಅದನ್ನು ಹಾಕಿಕೊಟ್ಟಿರಲಿಲ್ಲ. ಇವುಗಳ ಜೊತೆಗೆ ಒಂದು ಬ್ಯಾಕಪ್ ಯಂತ್ರ ಬರುವುದಿತ್ತು. ಪೆಟ್ಟಿಗೆಯಲ್ಲಿರುವುದನ್ನೆಲ್ಲ ದಿನಾ ನಕಲು ತೆಗೆದಿಡುವುದು ಅದರ ಕೆಲಸ. ಅದಕ್ಕೂ ಎರಡು ತಂತಿ.

ರಾಮದುರ್ಗದಲ್ಲಿ ಸ್ಕ್ಯಾನಿಂಗ್ ವಿಭಾಗ ತೆರೆದಾಗ ನಾಲ್ಕನೆಯ ಸರ್ವರ್ ಮತ್ತು ಬ್ಯಾಕಪ್ ಯಂತ್ರ ಒಟ್ಟಿಗೇ ಬಂದವು. ಯಂತ್ರ ಮಾರಿದ ಕಂಪನಿಯ ಎಂಜಿನಿಯರ್ ನಾಲ್ಕೂ ಸರ್ವರುಗಳನ್ನು ಹಚ್ಚಿ ತೋರಿಸಿದ. ಎಲ್ಲ ಸರಿಯಾಗಿ ನಡೆದವು. ಬ್ಯಾಕಪ್ ಯಂತ್ರವನ್ನು ಜೋಡಿಸಿ, ಇದು ತಾನಾಗಿಯೇ ನಡೆಯುತ್ತದೆ ಎಂದು ಹೇಳಿ, ಹಚ್ಚಿ ನೋಡದೆ ಬಸ್ಸು ಹತ್ತಿದ. ಪೆಟ್ಟಿಗೆಯದೂ ಸೇರಿ ಎಲ್ಲ ಯಂತ್ರಗಳ ವಿವರವಿದ್ದ, ಅವನು ಕೊಟ್ಟ ದಪ್ಪ ಪುಸ್ತಕವನ್ನು ನಾನು ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಹದಿನೈದು ದಿನದೊಳಗೆ ಕಾಟ ಶುರುವಾಯಿತು.

ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಯಾವುದಾದರೂ ಒಂದು ಸರ್ವರಿಗೆ ಪೆಟ್ಟಿಗೆ ಕಾಣುತ್ತಲೇ ಇರಲಿಲ್ಲ. ಒಂದು ದಿನ ಕಿತ್ತೂರಿನ ಲ್ಯಾಬು ನಿಂತಿತು. ಮೂರು ದಿನ ಬಿಟ್ಟು ಎಕ್ಸ್‌ರೇ ನಿಂತಿತು. ಆಮೇಲೆ ಒಂದು ವಾರ ಎಲ್ಲ ಸರಿ. ಮತ್ತೆ ಸವದತ್ತಿ. ಯಂತ್ರ ಕೆಟ್ಟರೆ ಒಂದೇ ಜಾಗದಲ್ಲಿ ಕೆಡುತ್ತದೆ, ದಿನಕ್ಕೊಂದು ಕಡೆ ತಿರುಗಾಡುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ತಿರುಗಾಡುವವರು ಮನುಷ್ಯರು.

ನಾನೊಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಯಾವತ್ತು ಆಯಿತು, ಯಾವುದು ನಿಂತಿತು, ಕೋಣೆಯಲ್ಲಿ ಯಾರಿದ್ದರು. ಮೂರನೆಯ ಸಾಲಿನಲ್ಲಿ ಪ್ರತಿಸಲವೂ ಒಂದೇ ಹೆಸರು ಬಂತು, ಶಿವಲಿಂಗಯ್ಯ. ಮಧ್ಯಾಹ್ನದ ಪಾಳಿ ಅವರದೇ, ಲೋಡ್ ಶೆಡ್ಡಿಂಗ್ ಕೂಡ ಮಧ್ಯಾಹ್ನವೇ ಎಂಬ ಸರಳ ಸಂಗತಿ ನನ್ನ ತಲೆಗೆ ಬರಲಿಲ್ಲ. ಬಂದಿದ್ದರೂ ಹೊರಗೆ ಕಳಿಸುತ್ತಿದ್ದೆನೇನೋ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಂಡಿತ್ತು. ಕೆಟ್ಟದ್ದನ್ನು ಪ್ರತಿಸಲವೂ ಸರಿಮಾಡುತ್ತಿದ್ದವರು ಅವರೇ. ಎಲ್ಲವನ್ನೂ ಒಮ್ಮೆ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಂದೊಂದಾಗಿ ಹಚ್ಚುತ್ತಿದ್ದರು. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಸರಿಯಾಗುತ್ತಿತ್ತು. ಹೇಗೆ ಸರಿಯಾಯಿತು ಎಂದು ಕೇಳಿದರೆ, "ಗೊತ್ತಿಲ್ಲ ಅಕ್ಕಾರ, ಆತು ಅಷ್ಟ" ಎನ್ನುತ್ತಿದ್ದರು. ಸರಿಮಾಡಲು ಬರುವವನಿಗೆ ಕೆಡಿಸಲೂ ಬರುತ್ತದೆ ಎಂದು ನಾನು ಲೆಕ್ಕ ಹಾಕಿದೆ.

ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಕ್ಕಾರ, ಆ ಎಂಜಿನಿಯರ್ ಕೊಟ್ಟ ಪುಸ್ತಕ ಒಂದೆರಡು ದಿನ ಕೊಡ್ರಿ. ಜರಾ ಓದಬೇಕಾಗೇತಿ."

"ಯಾಕ ಬೇಕು ನಿಮಗದು?"

"ಪೆಟ್ಟಿಗಿ ಬಗ್ಗೆ ಏನರ ಬರದಿರಬೇಕು. ನೋಡಿದ್ರ ತಿಳೀತಿತ್ತು."

"ಎಂಜಿನಿಯರಗ ಫೋನ್ ಮಾಡತೇನಿ ಬಿಡ್ರಿ. ಪುಸ್ತಕ ಹೊರಗ ಹೋಗೂದು ಬ್ಯಾಡ."

ಅವರು ಕಪಾಟಿನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. "ಆತ್ರಿ" ಎಂದು ಹೋದರು. ಆ ನೋಟವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಎಂಜಿನಿಯರ್ ಫೋನಿನಲ್ಲಿ, ನಿಮ್ಮ ಕರೆಂಟಿನ ದೋಷ ಎಂದ. ಕರೆಂಟಿನವರು, ನಿಮ್ಮ ಯಂತ್ರದ ದೋಷ ಎಂದರು. ಸ್ಟೋರೇಜ್ ಪೆಟ್ಟಿಗೆಗೆ ತನ್ನದೇ ಒಂದು ದಿನಚರಿ ಇರುತ್ತದೆ. ಯಾರು ಬಂದರು, ಯಾರನ್ನು ಒಳಗೆ ಬಿಟ್ಟೆ, ಯಾರನ್ನು ಬಿಡಲಿಲ್ಲ ಎಂದು ಅದು ತಾನೇ ಬರೆದುಕೊಳ್ಳುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ನನ್ನೊಬ್ಬಳ ಹತ್ತಿರ ಇತ್ತು. ತೆರೆಯಲಿಲ್ಲ. ನಾನು ಶಿವಲಿಂಗಯ್ಯನವರ ಕೈಗಳನ್ನು ನೋಡುತ್ತಿದ್ದೆ.

ಪಾಟೀಲ ಸಾಹೇಬರ ಕೋಣೆಗೆ ಹೋದರೆ ಬಾಗಿಲನ್ನು ಅವರೇ ಎದ್ದು ಹಾಕುತ್ತಿದ್ದರು. ಧ್ವನಿ ತಗ್ಗಿಸಿ ಮಾತಾಡುವುದು ಅವರ ರೂಢಿ. ಕೇಳುವವರಿಗೆ ತಾವೂ ಏನೋ ಗುಟ್ಟಿನಲ್ಲಿ ಪಾಲುಗಾರರು ಅನಿಸುತ್ತಿತ್ತು.

"ಯಾರ ಮ್ಯಾಲ ಐತಿ ನಿಮ್ಮ ಸಂಶೆ?" ಎಂದು ಕೇಳಿದರು.

ಹೆಸರು ಹೇಳಿದೆ.

"ನನಗೂ ಹಂಗಽ ಅನಸಿತ್ತು. ಬ್ಯಾಟರಿ ಅರ್ಜಿ ಕೊಟ್ಟಾಗಿಂದ ಅಂವನ ಮಾರಿ ಬ್ಯಾರೇನ ಆಗೇತಿ. ಬರದು ಕೊಡ್ರಿ. ನಮ್ಮೊಳಗ ಇರ್ಲಿ."

ಬರೆದುಕೊಟ್ಟೆ. ಒಂದು ಪುಟ. ಮೇಲೆ ದಿನಾಂಕಗಳು, ಕೆಳಗೆ ನನ್ನ ಅಭಿಪ್ರಾಯ: ಈ ಅಡಚಣೆಗಳು ಉದ್ದೇಶಪೂರ್ವಕವಾಗಿ ಆಗುತ್ತಿರುವಂತೆ ತೋರುತ್ತದೆ, ಆ ಎಲ್ಲ ವೇಳೆಯಲ್ಲೂ ಕೋಣೆಯಲ್ಲಿದ್ದವರು ಇಂಥವರು. ಸಹಿ ಮಾಡಿದೆ. ಆ ಪುಟ ಶಿವಲಿಂಗಯ್ಯನವರ ಸೇವಾ ಕಡತದೊಳಗೆ ಹೋಯಿತು. ಮರುದಿನ ಅವರಿಂದ ಯಂತ್ರ ಕೋಣೆಯ ಕೀಲಿ ತೆಗೆದುಕೊಂಡು, ಕಿತ್ತೂರಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆಯುವ ಕಿಟಕಿಗೆ ಕಳಿಸಿದರು.

ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಅವರು ಕೇಳಿದರು: "ಅಕ್ಕಾರ, ನೀವು ಏನರ ಹೇಳೀರೇನು?"

"ನಾ ಯಾಕ ಹೇಳಲಿ? ಮ್ಯಾಲಿನವರ ಆರ್ಡರ್ ಅದು" ಎಂದೆ.

ಈ ಸುಳ್ಳನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರವಣಿಗೆಯೇ ಸುಳ್ಳಾಗುತ್ತದೆ.

ಅವರು ಹೋದ ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ಎಕ್ಸ್‌ರೇ ನಿಂತಿತು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎಚ್ಚರಾಗುತ್ತಿದ್ದರು. ನಾನು ಯೋಚಿಸಿದ್ದೇನು ಗೊತ್ತೇ? ಕಿತ್ತೂರಿನಲ್ಲೂ ಕಂಪ್ಯೂಟರ್ ಇದೆ, ಲೈನಿನ ಮೇಲಿಂದ ಕೈ ಹಾಕುತ್ತಿದ್ದಾರೆ ಎಂದು. ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಸಂಜೆಯ ಹೊತ್ತಿಗೆ ಹೇಗೋ ಸರಿಯಾಯಿತು. ಆಗ ತಿಳಿಯಿತು, ನನಗೂ ಅದು ಹೇಗೆ ಸರಿಯಾಯಿತು ಎಂದು ಗೊತ್ತಿಲ್ಲ. ಆ ತಿಳಿವಳಿಕೆಯನ್ನೂ ಬದಿಗೆ ಸರಿಸಿದೆ.

ಮುಂದಿನ ವಾರ ಮತ್ತೆ ಕರೆಂಟು ಹೋಗಿ ಬಂತು. ಈ ಸಲ ಸವದತ್ತಿಯ ದಾಖಲೆಗಳಿದ್ದ ಸರ್ವರಿಗೆ ಪೆಟ್ಟಿಗೆ ಕಾಣಲಿಲ್ಲ. ಮೊದಲ ಸಲ ಆರಿಸಿ ಹಚ್ಚಿದೆ, ಆಗಲಿಲ್ಲ. ಎರಡನೆಯ ಸಲ ಹಚ್ಚುವಷ್ಟರಲ್ಲಿ ರಾಮದುರ್ಗದಿಂದ ಡಾಕ್ಟರ್ ಸುಮಂಗಲಾ ಅವರ ಫೋನು ಬಂತು. ಜೋರು ಮಾತಿನ ಹೆಂಗಸು, ಆವತ್ತು ಬಹಳ ನಿಧಾನವಾಗಿ ಮಾತಾಡಿದರು.

"ಫಕೀರವ್ವ ಅಂತ ಒಬ್ಬ ಪೇಶಂಟ್ ಅದಾಳ. ಹೊಟ್ಟಿ ಆಪರೇಷನ್ ಈಗಿಂದೀಗ ಆಗಬೇಕು. ಎಚ್ಚರಿಲ್ಲ. ಹೋದ ವರ್ಷ ನಮ್ಮ ಸವದತ್ತಿ ದವಾಖಾನ್ಯಾಗ ಒಂದು ಇಂಜೆಕ್ಷನ್ ಕೊಟ್ಟಾಗ ಉಸರಽ ನಿಂತಿತ್ತಂತ, ಗಂಡ ಹೇಳಾಕತ್ತಾನ. ಯಾವ ಇಂಜೆಕ್ಷನ್ ಅಂತ ಅಂವಗ ಗೊತ್ತಿಲ್ಲ. ಸವದತ್ತಿ ರೆಕಾರ್ಡ್ ತಗಿಯಾಕ ಹೋದ್ರ ಬರವಲ್ದು."

"ಸವದತ್ತಿಗೆ ಫೋನ್ ಹಚ್ಚಿ ಕೇಳೂಣೇನ್ರಿ?"

"ಕೇಳಿದೆ. ಆವಾಗಿದ್ದ ಡಾಕ್ಟರ್ ಈಗ ಅಲ್ಲಿಲ್ಲ. ಬರದಿಟ್ಟದ್ದೆಲ್ಲಾ ನಿಮ್ಮ ಪೆಟ್ಟಿಗ್ಯಾಗಽ ಐತಿ, ಕಾಗದ ನಾವಽ ಬಂದ್ ಮಾಡೇವಿ. ಎಷ್ಟೊತ್ತು ಬೇಕು ನಿಮಗ? ನನ್ನ ಹತ್ರ ಅರ್ಧಾ ತಾಸೂ ಇಲ್ಲ."

ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತಿದ್ದರೆ ತಾನೆ. ಎರಡನೆಯ ಸಲವೂ ಸರ್ವರ್ ಎದ್ದಿತು, ಪೆಟ್ಟಿಗೆ ಕಾಣಲಿಲ್ಲ. ಎಂಜಿನಿಯರ್ ಫೋನು ಎತ್ತಲಿಲ್ಲ. ಫೋನು ಮತ್ತೆ ಬಡಿದುಕೊಂಡಿತು. ರಾಮದುರ್ಗವೆಂದು ಎತ್ತಿದರೆ ಕಿತ್ತೂರು.

"ಅಕ್ಕಾರ, ನಾ ಶಿವಲಿಂಗಯ್ಯ. ಸುಮಂಗಲಾ ಡಾಕ್ಟರು, ನಿಮ್ಮಲ್ಲಿ ಸವದತ್ತಿ ರೆಕಾರ್ಡ್ ತೆರಿತಾವೇನು ಅಂತ ಇಲ್ಲಿಗೆ ಫೋನ್ ಮಾಡಿದ್ರು. ಇಲ್ಲೂ ತೆರಿವಲ್ವು. ಬ್ಯಾಕಪ್ ಯಂತ್ರ ಎದ್ದೈತೇನ್ರಿ?"

"ಎದ್ದೈತಿ. ಯಾಕ?"

"ಅದನ್ನ ಬಂದ್ ಮಾಡ್ರಿ. ಆಮ್ಯಾಲ ಸವದತ್ತಿ ಸರ್ವರ್ ಒಂದನ್ನಽ ಆರಿಸಿ ಹಚ್ರಿ."

ನಾನು ಅದರ ಸ್ವಿಚ್ಚಿಗೆ ಕೈ ಹಾಕಲಿಲ್ಲ. ನಕಲು ತೆಗೆದಿಡುವ ಯಂತ್ರ ಅದೊಂದೇ. ಯಾರಾದರೂ ನಮ್ಮ ದಾಖಲೆಗಳನ್ನೆಲ್ಲ ಅಳಿಸಬೇಕೆಂದು ಹೊರಟಿದ್ದರೆ ಮೊದಲು ಮಾಡಿಸುವ ಕೆಲಸ ಇದೇ, ನಕಲು ಯಂತ್ರ ಬಂದ್ ಮಾಡಿಸುವುದು. ಆ ಹೊತ್ತಿನಲ್ಲೂ, ಒಂದು ಹೆಣ್ಣು ರಾಮದುರ್ಗದ ಮೇಜಿನ ಮೇಲೆ ಎಚ್ಚರಿಲ್ಲದೆ ಮಲಗಿರುವಾಗಲೂ, ನನ್ನ ತಲೆಯಲ್ಲಿ ಓಡಿದ್ದು ಇದು.

"ನೀವು ನನ್ನ ನಂಬೂದಿಲ್ಲ, ಗೊತ್ತೈತಿ" ಎಂದರು ಅವರು, ಅದೇ ಸಮಾಧಾನದ ದನಿಯಲ್ಲಿ. "ನನ್ನ ನಂಬೂದು ಬ್ಯಾಡ್ರಿ. ಕಪಾಟಿನ್ಯಾಗಿನ ಪುಸ್ತಕ ತಗೀರಿ. ಪೆಟ್ಟಿಗಿಗೆ ಒಮ್ಮೆಲೆ ಎಷ್ಟು ಸಂಪರ್ಕ ನಡಿತಾವ ಅಂತ ಬರದಿರಬೇಕು. ನಾ ಪುಸ್ತಕ ನೋಡಿಲ್ಲ, ಖರೇ ಅಲ್ಲಿ ಒಂದು ಅಂಕಿ ಇರಲಿಕ್ಕಽ ಬೇಕು. ಆಮ್ಯಾಲ ಹಿಂದಿನ ತಂತಿ ಎಣಸ್ರಿ. ನಾ ಫೋನ್ ಇಡೂದಿಲ್ಲ."

ಕೀಲಿ ತೆಗೆದೆ. ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಬೆರಳಿಟ್ಟು ಹುಡುಕಿದೆ. ಒಂದೇ ವೇಳೆಗೆ ಒಪ್ಪಿಕೊಳ್ಳುವ ಸಂಪರ್ಕಗಳು: ಎಂಟು.

ಯಂತ್ರಗಳ ಹಿಂದೆ ಬಗ್ಗಿ ಎಣಿಸಿದೆ. ನಾಲ್ಕು ಸರ್ವರಿನವು ಎಂಟು. ಬ್ಯಾಕಪ್ ಯಂತ್ರದ್ದು ಎರಡು.

"ಹತ್ತು" ಎಂದೆ ಫೋನಿನಲ್ಲಿ.

"ಪುಸ್ತಕದಾಗ?"

"ಎಂಟು."

"ಹಂಗಾರ ಕೊನಿಗೆ ಎದ್ದವರಿಗೆ ಜಾಗ ಇಲ್ಲ. ದಿನಾ ಯಾರು ಕೊನಿಗೆ ಏಳತಾರೋ ಅವರು ಹೊರಗ. ಇವತ್ತು ಸವದತ್ತಿ ಹೊರಗ ಉಳದೈತಿ. ಬ್ಯಾಕಪ್ ಹೊರಗ ಹೋದ್ರ ಅದರ ಎರಡು ಜಾಗ ಸಿಗತಾವ."

ಬ್ಯಾಕಪ್ ಯಂತ್ರ ಆರಿಸಿದೆ. ಸರ್ವರನ್ನು ಆರಿಸಿ ಹಚ್ಚಿದೆ. ಅದು ಏಳಲು ತೆಗೆದುಕೊಂಡ ಆರೇಳು ನಿಮಿಷ ಫೋನನ್ನು ಕಿವಿಗೇ ಇಟ್ಟುಕೊಂಡಿದ್ದೆ. ಅವರ ಕಡೆಯಿಂದ ಕಿಟಕಿಯ ಗದ್ದಲ ಕೇಳುತ್ತಿತ್ತು. ಯಾರೋ ಮುದುಕಿ, "ನನ್ನ ಹೆಸರು ಬರಕೋ ಯಪ್ಪಾ" ಎನ್ನುತ್ತಿದ್ದಳು. ಅವರು, "ಬರೀತೇನಿ ಯವ್ವಾ, ಜರಾ ತಡಿ" ಎನ್ನುತ್ತಿದ್ದರು.

ಪೆಟ್ಟಿಗೆ ಕಂಡಿತು. ಸವದತ್ತಿಯ ದಾಖಲೆ ತೆರೆಯಿತು. ಕಿತ್ತೂರಿನ ಫೋನು ಇಟ್ಟು ರಾಮದುರ್ಗಕ್ಕೆ ಹಚ್ಚುವ ಮೊದಲೇ ಸುಮಂಗಲಾ ಡಾಕ್ಟರ ಫೋನು ಬಂತು. "ಬಂತು, ಬಂತು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಸಂಜೆ ಮತ್ತೆ ಮಾತಾಡಿದರು. ಫಕೀರವ್ವನ ಹೆಸರಿನ ಪಕ್ಕ ಕೆಂಪಕ್ಷರದಲ್ಲಿ ಬರೆದಿದ್ದ ಔಷಧವನ್ನೇ ಅವರ ಸಿಸ್ಟರ್ ಟ್ರೇದಲ್ಲಿ ತೆಗೆದಿಟ್ಟಿದ್ದರಂತೆ. ಬೇರೆಯದನ್ನು ಕೊಟ್ಟು ಆಪರೇಷನ್ ಮಾಡಿದರು. ಎಂಟು ದಿನಕ್ಕೆ ಫಕೀರವ್ವ ನಡೆದುಕೊಂಡು ಮನೆಗೆ ಹೋದಳು.

ಮರುದಿನ ನಾನು ಪೆಟ್ಟಿಗೆಯ ದಿನಚರಿಯನ್ನು ಮೊದಲ ಸಲ ತೆರೆದೆ. ಪುಟಗಟ್ಟಲೆ ಇತ್ತು. ಪ್ರತಿ ಲೋಡ್ ಶೆಡ್ಡಿಂಗ್ ಆದ ಮೇಲೆ ಯಾರೋ ಒಬ್ಬರು ಬಂದು ಕೇಳಿದ್ದರು, ಜಾಗ ಇಲ್ಲವೆಂದು ಪೆಟ್ಟಿಗೆ ತಿರಸ್ಕರಿಸಿತ್ತು. ಎಲ್ಲ ಸರಿ ಇತ್ತು ಎಂದು ನಾನು ತಿಳಿದಿದ್ದ ದಿನಗಳಲ್ಲಿ ಹೊರಗುಳಿದದ್ದು ಬ್ಯಾಕಪ್ ಯಂತ್ರ. ಆ ದಿನಗಳ ನಕಲೇ ಇರಲಿಲ್ಲ. ಪೆಟ್ಟಿಗೆಗೆ ಏನಾದರೂ ಆಗಿದ್ದರೆ ನಾಲ್ಕೂ ಊರಿನ ದಾಖಲೆಗಳು ಹೋಗುತ್ತಿದ್ದವು. ನಾನು ಕಳ್ಳನನ್ನು ಕಾಯುತ್ತ ಬಾಗಿಲಲ್ಲಿ ಕುಳಿತಿದ್ದೆ, ಹಿಂದಿನ ಗೋಡೆಯೇ ಇರಲಿಲ್ಲ.

ಎಂಜಿನಿಯರ್ ಬಂದ. ಪೆಟ್ಟಿಗೆಯ ಮಿತಿಯನ್ನು ಹೆಚ್ಚಿಸಲು ಬರುವುದಿಲ್ಲ ಎಂದ. ಐದೂ ಯಂತ್ರಗಳಿಗೆ ಒಂದೊಂದೇ ತಂತಿ ಬಿಟ್ಟು ಉಳಿದವನ್ನು ಕಳಚಿದ. ದೊಡ್ಡ ಪೆಟ್ಟಿಗೆ ಬರುವವರೆಗೆ ಹಾಗೆಯೇ ನಡೆಸಿದೆವು. ಅವನಿಗೆ ಈ ಮಿತಿ ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ನನಗೆ ಇವತ್ತಿಗೂ ಸಂಶಯ ಇದೆ. ಕೇಳಿದಾಗ ಅವನು ನನ್ನ ಕಣ್ಣು ತಪ್ಪಿಸಿ, "ಪುಸ್ತಕದಾಗ ಕೊಟ್ಟೇವಲ್ರೀ ಮೇಡಂ" ಎಂದ. ಆ ಪುಸ್ತಕ ಅಷ್ಟು ದಿನವೂ ನನ್ನ ಕಪಾಟಿನಲ್ಲೇ ಇತ್ತು.

ಪಾಟೀಲ ಸಾಹೇಬರ ಕೋಣೆಗೆ ಹೋದೆ. ಅವರು ಎಂದಿನಂತೆ ಎದ್ದು ಬಾಗಿಲು ಹಾಕಿದರು. ಶಿವಲಿಂಗಯ್ಯನವರ ಕಡತದಿಂದ ನನ್ನ ಪುಟವನ್ನು ತೆಗೆಯಬೇಕು ಎಂದೆ.

"ತಗಿಯಾಕ ಬರೂದಿಲ್ಲ. ಒಳಗ ಹೋದ ಕಾಗದ ಒಳಗಽ ಇರಬೇಕು. ನೀವಽ ರೆಕಾರ್ಡ್ ರೂಮಿನವರು, ನಿಮಗ ನಾ ಹೇಳಬೇಕೇನು?"

"ಹಂಗಾರ ತಪ್ಪಾತು ಅಂತ ಇನ್ನೊಂದು ಕಾಗದ ಬರದು ಕೊಡತೇನಿ. ಅದನ್ನೂ ಹಾಕ್ರಿ."

ಅವರು ಕುರ್ಚಿಯ ಬೆನ್ನಿಗೆ ಒರಗಿದರು. "ಅಕ್ಕಾರ, ಹೋಗಲಿ ಬಿಡ್ರಿ. ತಪ್ಪಾತು ಅಂತ ಬರದ್ರ ನಿಮ್ಮ ಹೆಸರೂ ಕೆಡತೈತಿ, ಸಂಸ್ಥಾದ ಹೆಸರೂ ಕೆಡತೈತಿ. ಅಂವನ್ನ ವಾಪಸ್ ಕರಸೂಣು. ನಮ್ಮೊಳಗ ಇರ್ಲಿ."

ಎರಡನೆಯ ಕಾಗದ ಕೊಟ್ಟರೆ ಅದು ಕಡತದವರೆಗೆ ತಲುಪುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಹಾಳೆಗಳು ಹೇಗೆ ಕಳೆಯುತ್ತವೆ ಎಂದು ನೋಡುತ್ತಲೇ ಬಂದವಳು ನಾನು. ಕಡತ ಒಮ್ಮೆ ತೋರಿಸಿ ಎಂದೆ. ಯಾಕೆ ಎನ್ನುತ್ತಲೇ ತೆಗೆದುಕೊಟ್ಟರು. ನನ್ನ ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇತ್ತು. ಅವರ ಮೇಜಿನ ಮೇಲಿನ ಪೆನ್ನನ್ನೇ ಎತ್ತಿಕೊಂಡು, ನನ್ನ ಹಳೆಯ ಸಹಿಯ ಕೆಳಗೆ ಬರೆದೆ: "ಮೇಲೆ ಬರೆದದ್ದು ನನ್ನ ತಪ್ಪು ಊಹೆ. ದೋಷ ಯಂತ್ರದ ಸಂಪರ್ಕ ಮಿತಿಯದು. ಅದನ್ನು ಕಂಡುಹಿಡಿದವರು ಶಿವಲಿಂಗಯ್ಯನವರೇ. ಅವರು ಕೇಳಿದ ಪುಸ್ತಕವನ್ನು ನಾನು ಕೊಡಲಿಲ್ಲ." ಮತ್ತೊಮ್ಮೆ ಸಹಿ ಮಾಡಿದೆ. ಈಗ ಇದನ್ನು ಕಿತ್ತು ಎಸೆಯಬೇಕೆಂದರೆ ಅದನ್ನೂ ಕಿತ್ತು ಎಸೆಯಬೇಕು. ಸಾಹೇಬರು ಪುಟವನ್ನು ನೋಡಿದರು, ನನ್ನನ್ನು ನೋಡಿದರು. ಆವತ್ತಿನಿಂದ ಅವರು ನನಗಾಗಿ ಬಾಗಿಲು ಹಾಕುವುದನ್ನು ಬಿಟ್ಟರು.

ಆ ಪುಟದ ಝೆರಾಕ್ಸ್ ತೆಗೆಸಿಕೊಂಡು ಕಿತ್ತೂರಿಗೆ ಹೋದೆ. ಆಸ್ಪತ್ರೆಯ ಕಿಟಕಿಯ ಮುಂದೆ ಜನರ ಸಾಲು ಇತ್ತು. ಶಿವಲಿಂಗಯ್ಯನವರು ತಲೆ ಎತ್ತಿ ನೋಡಿದರು. ಮುಖದಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ.

"ಬರ್ರಿ ಅಕ್ಕಾರ, ಕುಂದ್ರಿ. ಐದು ಮಂದಿ ಅದಾರ, ಮುಗಿಸಿ ಬರತೇನಿ."

ಗೋಡೆಯ ಬದಿಯ ಬಾಕಿನ ಮೇಲೆ ರೋಗಿಗಳ ನಡುವೆ ಕುಳಿತೆ. ಅವರು ಒಬ್ಬೊಬ್ಬರ ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡರು. ಆಮೇಲೆ ಎದ್ದು ಬಂದು ಚಹಾ ಹೇಳಿದರು.

ನಿಮಗೆ ಇದು ಹೇಗೆ ಹೊಳೆಯಿತು ಎಂದು ಕೇಳಿದೆ.

"ನಾನೂ ಬರದು ಇಟ್ಕೋತಿದ್ದೆ ರೀ, ಯಾವುದು ಮೊದಲ ಎದ್ದಿತು, ಯಾವುದು ಕೊನಿಗೆ ಎದ್ದಿತು ಅಂತ. ಕೈ ಇಟ್ಟು ನೋಡಿದ್ರ ತಿಳೀತಿತ್ತು, ಮೊದಲ ಎದ್ದದ್ದು ಬೆಚ್ಚಗ ಇರತಿತ್ತು. ಇಲ್ಲಿ ಬಂದ ಮ್ಯಾಲ ಸುಮ್ನ ಕುಂತಾಗ ಅದನ್ನಽ ತಿರುವಿ ಹಾಕಿದೆ. ಬ್ಯಾಕಪ್ ಕೊನಿಗೆ ಎದ್ದ ದಿನ ಒಮ್ಮೆಯೂ ತ್ರಾಸ ಆಗಿದ್ದಿಲ್ಲ."

"ಆವಾಗ ನನಗ್ಯಾಕ ಹೇಳಲಿಲ್ಲ?"

"ಯಾರಿಗೆ ಹೇಳಲಿ?" ಎಂದರು.

ಚಹಾ ಬಂತು. ಬೈಲಹೊಂಗಲಕ್ಕೆ ವಾಪಸ್ ಬರಬೇಕು, ಸಾಹೇಬರು ಒಪ್ಪಿದ್ದಾರೆ ಎಂದೆ. ಅವರು ಯೋಚಿಸಲೂ ಇಲ್ಲ.

"ಬ್ಯಾಡ್ರಿ. ಇಲ್ಲೇ ಛಲೋ ಐತಿ. ಇಲ್ಲಿ ಯಾರೂ ನನ್ನ ಕೈ ನೋಡೂದಿಲ್ಲ."

ಅವರ ಕೈಗಳನ್ನು ನಾನು ನೋಡುತ್ತಿದ್ದೆ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆಗ ತಿಳಿಯಿತು. ಚೀಲದಿಂದ ಝೆರಾಕ್ಸ್ ತೆಗೆದು ಕೊಟ್ಟೆ. ಅವರು ಮೇಲಿನ ಭಾಗವನ್ನು ಪೂರ್ತಿ ಓದಿದರು, ಒಂದೊಂದು ದಿನಾಂಕದ ಮೇಲೂ ಕಣ್ಣು ನಿಲ್ಲಿಸಿದರು. ಆಮೇಲೆ ಕೆಳಗಿನ ನಾಲ್ಕು ಸಾಲು. ನೀಟಾಗಿ ಎರಡು ಮಡಿಕೆ ಮಾಡಿ ನನಗೇ ಹಿಂತಿರುಗಿಸಿದರು.

"ಇಟ್ಕೊಳ್ರಿ, ನಿಮಗಂತ ತಂದೇನಿ" ಎಂದೆ.

"ನನಗ್ಯಾಕ ರೀ ಅಕ್ಕಾರ? ನಾ ಮಾಡಿಲ್ಲ ಅನ್ನೂದು ನನಗ ಮೊದಲಽ ಗೊತ್ತಿತ್ತಲ್ಲ. ಇದು ನಿಮ್ಮ ಕಡೆ ಇರ್ಲಿ."

ಕಿಟಕಿಯ ಹತ್ತಿರ ಮತ್ತೆ ಜನ ಸೇರಿದ್ದರು. ಅವರು ಚಹಾದ ಕಪ್ಪು ಕೆಳಗಿಟ್ಟು, ಬರತೇನಿ ಎಂದು ಹೇಳಿ, ಹೋಗಿ ತಮ್ಮ ಜಾಗದಲ್ಲಿ ಕುಳಿತರು.